ಸೋಪಕ್ಕನ ರಕ್ತಕ್ಕೆ ಮರೆವಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸೋಪಕ್ಕ ಹೆರಿಗೆ ವಾರ್ಡಿನ ಬೆಡ್‌ಶೀಟುಗಳನ್ನು ತಣ್ಣೀರಲ್ಲಿ ನೆನೆಹಾಕುತ್ತಿದ್ದಾರೆ. "ಬಿಸಿನೀರು ಬಿದ್ರೆ ರಕ್ತದ ಕಲೆ ಕೂತುಬಿಡುತ್ತೆ. ಆಮೇಲೆ ತಿಪ್ಪರಲಾಗ ಹಾಕಿದ್ರೂ ಹೋಗಲ್ಲ" ಅನ್ನುತ್ತಾರೆ. ಅವರ ನಿಜವಾದ ಹೆಸರು ಇಲ್ಲಿ ಯಾರ ಬಾಯಲ್ಲೂ ಇಲ್ಲ. "ಸಂಬಳದ ದಿನ ಕೂಗ್ತಾರಲ್ಲ, ಆಗ ನನಗೂ ನೆನಪಾಗುತ್ತೆ" ಎಂದು ನಗುತ್ತಾರೆ.

ಇವತ್ತು ಮಾತ್ರ ಅವರ ಕೈ ಎಂದಿನಂತೆ ಓಡುತ್ತಿಲ್ಲ. ರಕ್ತನಿಧಿಯಿಂದ ಫೋನ್ ಬರಬೇಕು. ಅಲ್ಲಿ ಅವರು ವರ್ಷಗಳಿಂದ ಪ್ಲಾಸ್ಮಾ, ಅಂದರೆ ರಕ್ತದ ಹಳದಿ ನೀರು, ಕೊಡುತ್ತಾ ಬಂದಿದ್ದಾರೆ. ಅದರಿಂದ ಬಾಣಂತಿಯರಿಗೆ ಕೊಡುವ ಒಂದು ಇಂಜೆಕ್ಷನ್ ತಯಾರಾಗುತ್ತದೆ. ಈಚೆಗೆ ಅವರ ಪ್ಲಾಸ್ಮಾದ ಶಕ್ತಿ ಇಳಿದಿದೆ. ಇನ್ನೂ ಇಳಿದರೆ "ಇನ್ನು ಬರಬೇಡಿ" ಅಂದುಬಿಡುತ್ತಾರೆ.

ಸೋಪಕ್ಕನ ರಕ್ತದ ಗುಂಪು ನೆಗೆಟಿವ್, ಚೊಚ್ಚಲ ಮಗನದು ಪಾಸಿಟಿವ್. ಹೆರಿಗೆಯಲ್ಲಿ ಮಗುವಿನ ರಕ್ತ ಒಂದಿಷ್ಟು ತಾಯಿಯ ಮೈ ಸೇರಿತು. ಹೊರಗಿನದನ್ನು ಗುರುತು ಹಿಡಿಯುವುದೇ ಬಿ ಕೋಶಗಳೆಂಬ ಬಿಳಿ ರಕ್ತಕಣಗಳ ಕಸುಬು. ಹೆತ್ತ ಮಗನ ರಕ್ತವನ್ನೇ ಅವು ಹಗೆ ಎಂದುಕೊಂಡವು. ಅದನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸಿದವು, ಗುರುತನ್ನೂ ನೆನಪಿಟ್ಟುಕೊಂಡವು. ಮೂರು ದಿನದೊಳಗೆ ಆ ಇಂಜೆಕ್ಷನ್ ಬಿದ್ದಿದ್ದರೆ, ಬಿ ಕೋಶಗಳು ಎಚ್ಚರಗೊಳ್ಳುವ ಮೊದಲೇ ಮಗುವಿನ ರಕ್ತಕಣಗಳು ತೊಲಗುತ್ತಿದ್ದವು. ಬೆಳಗಿನವರು ಕೊಡುತ್ತಾರೆ ಎಂದು ರಾತ್ರಿ ಪಾಳಿಯವರು ಅಂದುಕೊಂಡರು. ರಾತ್ರಿಯವರು ಕೊಟ್ಟಿರುತ್ತಾರೆ ಎಂದು ಬೆಳಗಿನವರು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಆಮೇಲೆ ಎರಡು ಸಲ ಬಸಿರಾದಾಗಲೂ ಆ ಪ್ರತಿಕಾಯಗಳು ಮಾಸನ್ನು, ಅಂದರೆ ಪ್ಲಸೆಂಟಾವನ್ನು, ದಾಟಿ ಹೋಗಿ ಕೂಸಿನ ರಕ್ತವನ್ನು ಒಡೆದವು. ಒಂದು ಉಸಿರಾಡಲೇ ಇಲ್ಲ. ಇನ್ನೊಂದು ಹಳದಿಗಟ್ಟಿ ಮರುದಿನ ಹೋಯಿತು. "ಹೆಸರಿಡೋ ಮೊದಲೇ ಎತ್ಕೊಂಡು ಹೋದ್ರು. ಅತ್ತೆ ನನ್ನ ಕಾಲ್ಗುಣ ಅಂದ್ರು. ಕಾಲಲ್ಲ, ರಕ್ತ ಅಂತ ಗೊತ್ತಾಗೋಕೆ ಎಷ್ಟೋ ವರ್ಷ ಬೇಕಾಯ್ತು."

ವಿಪರ್ಯಾಸ ನೋಡಿ, ಆ ಇಂಜೆಕ್ಷನ್ನಿನಲ್ಲಿರುವುದೂ ಇದೇ ಪ್ರತಿಕಾಯ. ಸೋಪಕ್ಕನಂಥವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಶಕ್ತಿ ಇಳಿದಾಗ ವೈದ್ಯೆ ಒಂದು ದಾರಿ ಹೇಳಿದರು: ಪಾಸಿಟಿವ್ ರಕ್ತಕಣಗಳನ್ನು ಸ್ವಲ್ಪವೇ ಚುಚ್ಚಿ ಬಿ ಕೋಶಗಳಿಗೆ ಹಳೆಯ ಹಗೆಯನ್ನು ನೆನಪಿಸುವುದು. ಹೆರುವ ವಯಸ್ಸು ದಾಟಿದವರಿಗೆ ಮಾತ್ರ ಹೀಗೆ ಮಾಡುತ್ತಾರೆ. ವಿಷಯ ಕೇಳಿ, ಲಾರಿ ಓಡಿಸುವ ಮಗ ತಟ್ಟೆ ಸರಿಸಿ ಎದ್ದ.

"ಸಾಕು ಬಿಡಮ್ಮ. ನನ್ನಿಂದ ತಾನೇ ಇದೆಲ್ಲ ಶುರುವಾಗಿದ್ದು?"

"ನೀನೇನು ಮಾಡಿದೆಯೋ, ಹುಟ್ಟಿದೆ ಅಷ್ಟೆ. ಕೂತ್ಕೊ, ಉಣ್ಣು" ಅಂದ ತಾಯಿ, ಮಾರನೆಯ ದಿನ ಹೋಗಿ ಚುಚ್ಚಿಸಿಕೊಂಡು ಬಂದರು.

ಫೋನ್ ಬಡಿದುಕೊಳ್ಳುತ್ತದೆ. ಸೋಪಕ್ಕ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿ ಕಿವಿಗಿಡುತ್ತಾರೆ. "ಹೂಂ... ಹೂಂ... ಬರ್ತೀನಿ."

ಶಕ್ತಿ ಏರಿದೆಯಂತೆ. ಬಕೆಟ್ ಬೋರಲು ಹಾಕಿ ಕೂರುತ್ತಾರೆ. ಕಣ್ಣು ತುಂಬಿಕೊಂಡಿದೆ. ಖುಷಿಯಾಯಿತೇ ಅಂತ ಕೇಳಬಾರದಿತ್ತು, ಕೇಳಿದೆ.

"ಖುಷಿ ಎಲ್ಲಿಂದ ಬರಬೇಕು? ನನ್ನ ಎರಡು ಮಕ್ಕಳನ್ನ ತಿಂದ ರಕ್ತ ಇದು" ಎನ್ನುತ್ತಾ ಮತ್ತೊಂದು ಬೆಡ್‌ಶೀಟ್ ಎಳೆದುಕೊಳ್ಳುತ್ತಾರೆ. "ಇದನ್ನ ಸುಮ್ನೆ ಕೂರೋಕೆ ಬಿಡ್ತೀನಾ? ನಾನಿರೋವರೆಗೂ ದುಡೀಲಿ."