ಫಸ್ಟ್ ಲೇಡಿಯ ಒಂದು ವೋಟು

ಮಲೇಶಿಯಾದ ಸುಬಾಂಗ್ ಜಯಾದಲ್ಲಿರುವ ನಮ್ಮ ಕನ್ನಡ ಸಂಘಕ್ಕೆ ವಲೇರಿಯನ್ ಕ್ರಾಸ್ತಾ ಹನ್ನೊಂದು ವರ್ಷಗಳಿಂದ ಅಧ್ಯಕ್ಷರು. ಸಂಘದಲ್ಲಿ ಇರುವುದು ನಲವತ್ತೇಳು ಮನೆ. ಅವರ ನಡಿಗೆ ನೋಡಿದರೆ ಒಂದು ದೇಶವೇ ಬೆನ್ನ ಹಿಂದೆ ಬರುತ್ತಿದೆ ಅನ್ನಿಸಬೇಕು. ಹೆಂಡತಿ ಅನ್ನಿಯನ್ನು ಯಾರೋ ತಮಾಷೆಗೆ ‘ಫಸ್ಟ್ ಲೇಡಿ’ ಎಂದರೆ ಅವರು ಅದನ್ನು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು.

ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವ ಅನ್ನಿಗೆ ಈ ಪದವಿಯಿಂದ ಬಂದ ಅಧಿಕಾರಗಳು: ರಾಜ್ಯೋತ್ಸವಕ್ಕೆ ನೂರೈವತ್ತು ಜನರ ಚಿಕನ್ ಸುಕ್ಕ, ಅಧ್ಯಕ್ಷರ ಭಾಷಣದ ಕಾಗುಣಿತ ತಿದ್ದುವುದು, ಫೋಟೋದಲ್ಲಿ ಅರ್ಧ ಹೆಜ್ಜೆ ಹಿಂದೆ ನಿಲ್ಲುವುದು. ಇಪ್ಪತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಆಕೆ ತನಗಾಗಿ ಕೇಳಿದ್ದು ಕಡಿಮೆ.

ಕೇಳಿದ್ದು ಎರಡು ಸಾವಿರದ ಇಪ್ಪತ್ತರ ಜೂನ್‌ನಲ್ಲಿ. ಗಡಿ ಮುಚ್ಚಿತ್ತು. ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದ ಅಮ್ಮ ಆಸ್ಪತ್ರೆ ಸೇರಿದ್ದರು. ಊರಿಗೆ ವಿಶೇಷ ವಿಮಾನ ಹೊರಡುತ್ತದೆ, ತೀರಾ ತುರ್ತಿನವರ ಪಟ್ಟಿ ಕೊಡಿ ಎಂದು ಭಾರತದ ಹೈಕಮಿಷನ್‌ನವರು ಸಂಘಕ್ಕೆ ಹೇಳಿದ್ದರು. ಕಾರ್ಯದರ್ಶಿ ನಝೀರ್ ಅನ್ನಿಯ ಹೆಸರನ್ನು ಒಂಬತ್ತನೆಯದಾಗಿ ಬರೆದಿದ್ದ.

“ಸೀಟು ಸಿಗಲಿಲ್ಲ ಮಾರಾಯ್ತಿ,” ಎಂದರು ವಲೇರಿಯನ್ ಎರಡು ದಿನ ಬಿಟ್ಟು. “ನಾನು ಎಷ್ಟು ಹೇಳಿದೆ ಗೊತ್ತುಂಟಾ? ಅಲ್ಲಿ ನಮ್ಮದೇನೂ ನಡೆಯುದಿಲ್ಲ.”

ಅನ್ನಿ ನಂಬಿದಳು. ಹದಿನೆಂಟು ದಿನಕ್ಕೆ ಅಮ್ಮ ತೀರಿಕೊಂಡರು. ಮಣ್ಣು ಕೊಡುವುದನ್ನು ಆಕೆ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದಳು. ಚಿತ್ರ ನಡುನಡುವೆ ನಿಂತುಹೋಗುತ್ತಿತ್ತು. ಅಧ್ಯಕ್ಷರು ಸಂಘದ ಗ್ರೂಪಿನಲ್ಲಿ ಸಂತಾಪಗಳಿಗೆ ಒಂದೊಂದಾಗಿ ಕೈಮುಗಿಯುತ್ತಿದ್ದರು.

ಮರುವರ್ಷದ ಮಹಾಸಭೆ ಜೂಮ್‌ನಲ್ಲಿ. ಅಧ್ಯಕ್ಷರು ಮೇಲೆ ಬ್ಲೇಜರ್, ಕೆಳಗೆ ಲುಂಗಿ. ಮುಖಕ್ಕೆ ಬೆಳಕು ಬೀಳಲೆಂದು ಅನ್ನಿ ಟೇಬಲ್ ಲ್ಯಾಂಪ್ ಎತ್ತಿ ಹಿಡಿದಿದ್ದಳು. ಭಾಷಣ ತಿದ್ದಿದ್ದೂ ಅವಳೇ. ಆದರೆ ವಲೇರಿಯನ್ ಉತ್ಸಾಹ ಬಂದರೆ ಕಾಗದ ಬಿಟ್ಟು ಮಾತಾಡುವವರು.

“ನಿಸ್ವಾರ್ಥ ಸೇವೆ ಅಂದರೆ ಎಂತ?” ಎಂದು ಕೇಳಿ, ತಾವೇ ಉತ್ತರ ಕೊಟ್ಟರು. “ವಿಮಾನದ ಪಟ್ಟಿಯಲ್ಲಿ ನನ್ನ ಹೆಂಡತಿಯ ಹೆಸರೇ ಇತ್ತು. ನನ್ನ ಕೈಯಾರೆ ಹೊಡೆದುಹಾಕಿದೆ. ಅಧ್ಯಕ್ಷನ ಮನೆಯವರು ಮೊದಲು ಹೋದರು ಅಂತ ಜನ ಆಡಿಕೊಳ್ಳಬಾರದು ನೋಡಿ!”

ಸಣ್ಣ ಚೌಕಗಳಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ನಝೀರ್ ತನ್ನ ಕ್ಯಾಮೆರಾ ಆರಿಸಿದ. ಅನ್ನಿಯ ಕೈಯ ದೀಪ ಕೆಳಗಿಳಿಯಿತು. ಅಧ್ಯಕ್ಷರ ಮುಖ ಅರ್ಧ ಕತ್ತಲಾಯಿತು.

“ಸ್ವಲ್ಪ ಮೇಲೆ ಹಿಡಿ,” ಎಂದರು ಅವರು, ಮೈಕ್ ಮುಚ್ಚದೆ.

ಅನಂತರ ಮತದಾನ. ಎದುರಾಳಿ ಇರಲಿಲ್ಲ. ‘ವಲೇರಿಯನ್ ಮುಂದುವರಿಯಲಿ’ ಎಂಬುದಕ್ಕೆ ಹೌದು ಅಥವಾ ಬೇಡ, ಅಷ್ಟೆ. ಸಂಘದಲ್ಲಿ ಮನೆಗೊಂದೇ ಮತ. ತನಗೆ ತಾನೇ ಮತ ಹಾಕಿಕೊಳ್ಳುವುದು ಮರ್ಯಾದೆಯಲ್ಲವೆಂದು ಅವರು ಪ್ರತಿ ವರ್ಷ ಅದನ್ನು ಹೆಂಡತಿಗೆ ಬಿಡುತ್ತಿದ್ದರು. ಈ ಸಲವೂ ದೊಡ್ಡ ಮನಸ್ಸಿನಿಂದ ಫೋನನ್ನು ಅವಳ ಕಡೆ ತಳ್ಳಿದರು.

ಹೌದು ನಲವತ್ತಾರು. ಬೇಡ ಒಂದು.

ನಲವತ್ತಾರು ಮತಗಳ ಸಂತೋಷ ಅವರಿಗೆ ಐದು ನಿಮಿಷವೂ ನಿಲ್ಲಲಿಲ್ಲ. ಸದಸ್ಯರ ಪಟ್ಟಿ ಹಿಡಿದು ಕುಳಿತರು.

“ಆ ಪುಚೊಂಗ್‌ನ ಜಯಕರನೇ ಇರಬೇಕು. ಹೋದ ವರ್ಷ ಶಾಲು ಹೊದಿಸಲಿಲ್ಲ ಅಂತ ಸಿಟ್ಟು. ನನ್ನ ಉಪ್ಪು ತಿಂದು ಬೆನ್ನಿಗೆ ಚೂರಿ! ಅಲ್ಲ ಅನ್ನಿ, ಹನ್ನೊಂದು ವರ್ಷ ದುಡಿದವನಿಗೆ ಹೀಗೆ ಮಾಡಲಿಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?”

“ಜಯಕರಣ್ಣನಿಗೆ ಯಾಕೆ ಬೈತೀರಿ? ಅದು ನಾನು ಹಾಕಿದ್ದು.”

ವಲೇರಿಯನ್ ಬ್ಲೇಜರಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿದರು.

“ಜನರಿಗೆ ಗೊತ್ತಾದರೆ ಎಂತ ಹೇಳಿಯಾರು, ಅನ್ನಿ?”

ಅಮ್ಮನ ಬಗ್ಗೆ ಒಂದು ಮಾತಾದರೂ ಬರಬಹುದೆಂದು ಅನ್ನಿ ಅಲ್ಲಿಯವರೆಗೆ ನಿಂತೇ ಇದ್ದಳು. ಈಗ ದೀಪ ಆರಿಸಿ, ಅದರ ವಯರನ್ನು ಸುತ್ತತೊಡಗಿದಳು.

“ಮುಂದಿನ ವರ್ಷದ ಭಾಷಣದಲ್ಲಿ ನೀವೇ ಹೇಳಿ,” ಎಂದಳು. “ಕಾಗುಣಿತ ಬೇರೆ ಯಾರಿಗಾದರೂ ತೋರಿಸಿ.”