ಪೂಜೆಗೆ ತೊಳೆಸಿದ ಕಂಪ್ಯೂಟರ್

ಅಳಿಸಿದೆ ಎಂದು ಕಾಕಾ ಇವತ್ತಿಗೂ ಒಪ್ಪುವುದಿಲ್ಲ. ತೊಳೆಸಿದೆ ಎನ್ನುತ್ತಾರೆ. ಆ ಒಂದು ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಾಕಾ ಎಂದರೆ ಅಪ್ಪನ ತಮ್ಮ. ಕಾಗವಾಡದ ನಮ್ಮ ಮನೆಯಲ್ಲಿ ದ್ರಾಕ್ಷಿ, ಕಬ್ಬು, ಹಬ್ಬ ಎಲ್ಲದರ ಕಾರುಬಾರು ಅವರದೇ. ಅವರು ತೊಳೆಸಿದ್ದು, ನನ್ನ ಅಕ್ಕ ವರ್ಷಗಟ್ಟಲೆ ಆಡಿ ಕೊನೆಯ ಹಂತಕ್ಕೆ ತಂದು ನಿಲ್ಲಿಸಿದ್ದ ಒಂದು ಆಟವನ್ನು.

ಕಂಪ್ಯೂಟರ್ ಮನೆಗೆ ಬಂದದ್ದು ಅಕ್ಕನ ಡಿಗ್ರಿಯ ಹೆಸರಿನಲ್ಲಿ. ಹೆಚ್ಚು ಬಳಸಿದವರು ಕಾಕಾ: ಯಾವಾಗ ಮೋಡ, ಯಾವಾಗ ಬಿಸಿಲು, ದ್ರಾಕ್ಷಿಗೆ ಯಾವ ವಾರ ಯಾವ ಔಷಧ. ಆಟದ ಸಿಡಿಯನ್ನು ಅಕ್ಕ ಮಿರಜಿನಿಂದ ತಂದಿದ್ದಳು. ಮೊದಲ ಸಲ ಆಡಿದ ದಿನ ಹೊರಗೆ ಮಳೆ ಬರುತ್ತಿತ್ತು ಎಂದು ಬರೆದಿದ್ದೆ, ಈಗ ಹೊಡೆದುಹಾಕಿದ್ದೇನೆ. ಆಟದಲ್ಲಿ ನದಿ, ಹೊರಗೆ ಮಳೆ. ಇಷ್ಟು ಚೆಂದ ಹೊಂದಿಕೊಳ್ಳುವುದು ನಡೆದದ್ದಾಗಿರಲಾರದು, ನಾನೇ ಆಮೇಲೆ ಸುರಿಸಿದ ಮಳೆ ಇರಬೇಕು.

ಆಟ ಇಷ್ಟೆ. ಎಲ್ಲೋ ಯುದ್ಧ. ಒಬ್ಬ ಹೆಂಗಸಿನ ಹತ್ತಿರ ಒಂದು ದೋಣಿ. ಈಚೆ ದಂಡೆಯಲ್ಲಿ ಊರಿನ ಜನ ನಿಂತಿದ್ದಾರೆ, ಹಿಂದಿನಿಂದ ಸೈನಿಕರು ಬರುತ್ತಿದ್ದಾರೆ. ದೋಣಿಯಲ್ಲಿ ಜಾಗ ಸ್ವಲ್ಪ. ಪ್ರತಿ ಸಲ ಯಾರನ್ನು ಹತ್ತಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಆಡುವವರೇ ಆರಿಸಬೇಕು. ಆರಿಸಿದ ಹಾಗೆ ಕಥೆ ಬದಲಾಗುತ್ತದೆ. ಬಿಟ್ಟುಹೋದವರು ಮುಂದೆ ಎಲ್ಲೋ ಎದುರಾಗುತ್ತಾರೆ, ಅಥವಾ ಆಗುವುದಿಲ್ಲ. ದೋಣಿ ಆಚೆ ದಂಡೆ ಮುಟ್ಟಿದ ಕೂಡಲೇ ಆಟ ತಾನೇ ಸೇವ್ ಆಗುತ್ತಿತ್ತು. ಒಂದೇ ಸೇವ್. ಹಿಂದಕ್ಕೆ ಹೋಗಿ ಒಂದು ಆಯ್ಕೆಯನ್ನು ಮಾತ್ರ ತಿದ್ದುವ ದಾರಿಯಿಲ್ಲ. ಬೇಡ ಅನಿಸಿದರೆ ಇಡೀ ಆಟವನ್ನು ಅಳಿಸಿ ಮೊದಲಿನಿಂದ ಶುರು ಮಾಡಬೇಕು.

ಅಕ್ಕ ಓದಿದ್ದು ಮರಾಠಿ ಶಾಲೆಯಲ್ಲಿ, ನಾನು ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೆ. ಪರದೆಯ ಮೇಲಿನ ಸಾಲನ್ನು ಅವಳು ಮೆಲ್ಲಗೆ ಓದಿ ಮರಾಠಿಯಲ್ಲಿ ಹೇಳುವಳು, ನಾನು ಕನ್ನಡಕ್ಕೆ ತರುವೆ, ತಿಳಿಯದ ಕಡೆ ಇಬ್ಬರೂ ಸೇರಿ ಸುಳ್ಳು ಕಟ್ಟುತ್ತಿದ್ದೆವು. ಹಾಗಾಗಿ ನಮ್ಮ ಆಟದ ಸೈನಿಕರು ಕೊಲ್ಹಾಪುರದ ಕಡೆಯ ಮರಾಠಿ ಮಾತಾಡುತ್ತಿದ್ದರು. ದಂಡೆಯಲ್ಲಿ ಗಂಟು ಹಿಡಿದು ನಿಂತ ಮುದುಕಿ ನಮ್ಮ ಆಯಿಯ ಹಾಗೆ, ಅಂದರೆ ಅಪ್ಪನ ತಾಯಿಯ ಹಾಗೆ, ಮೂಗಿನಲ್ಲಿ ಗೊಣಗುತ್ತಿದ್ದಳು.

ಅಕ್ಕನ ಮದುವೆ ನಿಪ್ಪಾಣಿಗೆ ಆಯಿತು. ತಂಬಾಕು ವ್ಯಾಪಾರದ ಮನೆ, ಒಳ್ಳೆಯ ಜನ. ಅದರ ಬಗ್ಗೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಪಂಚಮಿಗೆ, ದಸರೆಗೆ, ದೀಪಾವಳಿಗೆ ತವರಿಗೆ ಬರುತ್ತಿದ್ದಳು. ಬಂದಾಗಲೆಲ್ಲ ಮನೆ ಒಂದಿಷ್ಟು ಬದಲಾಗಿರುತ್ತಿತ್ತು. ಅವಳ ಕಪಾಟಿನಲ್ಲಿ ಅವ್ವ ಹಾಸಿಗೆ ತುಂಬಿದ್ದಳು. ಅವಳ ಮಂಚದ ಮೇಲೆ ಬೇದಾಣಿಯ, ಅಂದರೆ ಒಣದ್ರಾಕ್ಷಿಯ, ಪೆಟ್ಟಿಗೆಗಳು ಬಂದಿದ್ದವು. ಬಿಟ್ಟುಹೋದಲ್ಲೇ ಇರುತ್ತಿದ್ದುದು ಆ ದೋಣಿಯೊಂದೆ. ಅವಳಿಲ್ಲದಾಗ ನಾನು ಅದನ್ನು ಮುಟ್ಟುತ್ತಿರಲಿಲ್ಲ. ಬಂದು ಸೀರೆಯ ಸೆರಗು ಸಿಕ್ಕಿಸಿ ಕೂತಳೆಂದರೆ ಹಬ್ಬಕ್ಕೆ ಒಂದೋ ಎರಡೋ ಸಲ ನದಿ ದಾಟುವಳು. ಹೀಗೆ ಹಬ್ಬದಿಂದ ಹಬ್ಬಕ್ಕೆ ಆಟ ಮುಂದೆ ಹೋಯಿತು.

ಆ ವರ್ಷ ಪಂಚಮಿಗೆ ಬಂದಾಗ ಕೊನೆಯ ದಾಟು ಉಳಿದಿತ್ತು. ದಂಡೆಯಲ್ಲಿ ಕೆಲವೇ ಜನ. ಅಷ್ಟರಲ್ಲಿ ಕಂಪ್ಯೂಟರ್ ನಿಂತುಹೋಯಿತು, ಆಗಾಗ ನಿಲ್ಲುತ್ತಿತ್ತು. ಮತ್ತೆ ಚಾಲೂ ಆಗುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು.

"ಥೂ, ಎಷ್ಟ್ ನಿಧಾನ ಆಗೇತೋ ಇದು" ಎಂದಳು ಅಕ್ಕ. "ದಸರಾಕ್ಕ ಬಂದ್ ಮುಗಸ್ತೀನಿ. ನೀ ಮುಟ್ಟಿಗಿಟ್ಟಿ ನೋಡು, ಕೈ ಮುರೀತೀನಿ."

ನಿಧಾನ ಆಗಿದೆ ಎಂಬ ಮಾತು ಕಾಕಾರ ಕಿವಿಗೆ ಬಿದ್ದಿತ್ತು.

ಖಂಡೇಪೂಜೆ ನಮ್ಮಲ್ಲಿ ದಸರೆಯ ಹಿಂದಿನ ದಿನ. ಮನೆಯಲ್ಲಿ ದುಡಿಯುವ ಸಾಮಾನೆಲ್ಲ ಅವತ್ತು ತೊಳೆಸಿಕೊಂಡು ಕುಂಕುಮ ಹಚ್ಚಿಸಿಕೊಂಡು ಕೂರಬೇಕು: ಕುಡುಗೋಲು, ಗುದ್ದಲಿ, ದ್ರಾಕ್ಷಿ ಕತ್ತರಿ, ಔಷಧದ ಪಂಪು, ಟ್ರ್ಯಾಕ್ಟರು. ಪೂಜೆಯಾದ ಮೇಲೆ ಮರುದಿನದ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಈಳಿಗೆಯೂ ಪೂಜೆಗೆ ಕೂರುತ್ತಿದ್ದರಿಂದ ಅವ್ವ ಹಿಂದಿನ ಸಂಜೆಯೇ ಕಾಯಿಪಲ್ಲೆ ಹೆಚ್ಚಿಡುತ್ತಿದ್ದಳು. ಕಂಪ್ಯೂಟರ್ ಬಂದ ಮೇಲೆ ಅದೂ ಸಾಲಿಗೆ ಸೇರಿತು. ಮೊದಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಹೂ ಇಡುತ್ತಿದ್ದರು. ಆ ವರ್ಷ ಕಾಕಾರಿಗೆ ಅಷ್ಟು ಸಾಕಾಗಲಿಲ್ಲ. ಅಥಣಿಯಿಂದ ರಿಪೇರಿಯವನನ್ನು ಕರೆಸಿ ಫಾರ್ಮ್ಯಾಟ್ ಹೊಡೆಸಿದರು.

ನಾನು ಆಗ ಚಿಕ್ಕೋಡಿಯಲ್ಲಿ ಹಾಸ್ಟೆಲಿನಲ್ಲಿದ್ದೆ. ರಜೆಗೆ ಮನೆಗೆ ಬಂದರೆ ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ, ಮತ್ತೇನೂ ಇಲ್ಲ.

"ನೋಡವಾ, ಹೆಂಗ್ ಓಡಾಕತ್ತೇತಿ, ಗಾಳಿ ಓಡಿದಂಗ" ಎಂದರು ಕಾಕಾ.

"ಕಾಕಾ, ಅಕ್ಕನ ಆಟ ಎಲ್ಲೈತ್ರಿ?"

"ಸಿಡಿ ಐತೆಲ್ಲ, ಹಾಕ್ಕೋ."

"ಸಿಡಿಯೊಳಗ ಆಟ ಐತ್ರಿ. ಅಕ್ಕ ಆಡಿದ್ದು ಇಲ್ಲ."

"ಆಡಿದ್ದು ಅಂದ್ರ? ಆಡಿದ್ದು ಆಡಿ ಆತಲ್ಲ. ಮತ್ತ ಮೊದಲಿಂದ ಆಡ್ರಿ. ಯಾರ್ ಬ್ಯಾಡಂತಾರ?"

"ಒಂದ್ ಮಾತ್ ಕೇಳಬೇಕಿಲ್ರಿ?"

"ಪೂಜಿಗೆ ಇಡೂ ಸಾಮಾನವಾ. ಮ್ಯಾಲ ಒರಸಿದ್ರ ಒಳಗಿನ ಕಸ ಹೋಗತೈತೇನು? ಅಕ್ಕಗ ನಿಧಾನ ಆಗೇತಿ ಅಂತ ಅಕಿ ಬರೂದ್ರಾಗ ಮಾಡ್ಸೇನಿ. ನೀ ನೋಡಿದ್ರ ಮಾರಿ ಉಬ್ಬಿಸ್ಕೊಂಡ್ ನಿಂತಿ."

ಪ್ರೀತಿಯಿಂದಲೇ ಮಾಡಿದ್ದರು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿದ್ದು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಆಮೇಲೆ ಗೊತ್ತಾಯಿತು: ರಿಪೇರಿಯವನು ಏನಾದರೂ ಉಳಿಸಬೇಕೇ ಎಂದು ಕೇಳಿದ್ದನಂತೆ, ಕಾಕಾ ತೋಟದ ಫೋಟೋಗಳನ್ನೂ ಔಷಧದ ಲೆಕ್ಕವನ್ನೂ ಪೆನ್‌ಡ್ರೈವಿಗೆ ತೆಗೆಸಿಟ್ಟುಕೊಂಡಿದ್ದರಂತೆ. ಉಳಿಸಬಹುದೆಂದು ಅವರಿಗೆ ಗೊತ್ತಿತ್ತು. ತಮ್ಮದು ಸಾಮಾನು, ನಮ್ಮದು ಕಸ.

ಅಕ್ಕ ಬರುವುದಕ್ಕೆ ಸ್ವಲ್ಪವೇ ಸಮಯವಿತ್ತು. ಆಟವನ್ನು ಮತ್ತೆ ಹಾಕಿದೆ. ಅವಳು ಆರಿಸಿದ್ದನ್ನೇ ಆರಿಸುತ್ತ, ಅವಳು ಬಿಟ್ಟವರನ್ನೇ ಬಿಡುತ್ತ, ದೋಣಿಯನ್ನು ಅದೇ ಜಾಗಕ್ಕೆ ತಂದು ನಿಲ್ಲಿಸಿಬಿಟ್ಟರೆ ಆಯಿತು, ಏನೂ ಆಗದ ಹಾಗೆ ಕೊನೆಯ ದಾಟು ಅವಳು ದಾಟಬಹುದು ಎಂದುಕೊಂಡೆ. ಮಾಸ್ತರನನ್ನು ಹತ್ತಿಸಿದೆ. ಮುದುಕಿಯನ್ನು ಹತ್ತಿಸಿದೆ. ಕಮ್ಮಾರನನ್ನು ಬಿಟ್ಟೆ. ನನಗೆಲ್ಲ ನೆನಪಿದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಆದರೆ ಮುಂದೆ ಬರುತ್ತಿದ್ದ ಮಾತುಗಳು ಬೇರೆಯಾಗಿದ್ದವು. ಎಂದೂ ನೋಡಿರದ ಒಬ್ಬ ಹುಡುಗಿ ಬಂದು ಯಾರನ್ನೋ ಕೇಳಿದಳು. ಎಲ್ಲಿ ತಪ್ಪಿದೆನೋ ತಿಳಿಯಲಿಲ್ಲ. ಸಿಟ್ಟಿನಲ್ಲಿ ಮುಂದೆ ಮುಂದೆ ಒತ್ತುತ್ತ ಕೊನೆಯ ದಾಟಿನ ತನಕ ಹೋದೆ.

ಖಂಡೇಪೂಜೆಯ ಹಿಂದಿನ ಮಧ್ಯಾಹ್ನ ಅಕ್ಕ ಬಂದಳು. ನೀರು ಕುಡಿಯುತ್ತಿರುವಾಗಲೇ ಹೇಳಿಬಿಟ್ಟೆ. ಅವಳು ತಂಬಿಗೆ ಕೆಳಗಿಟ್ಟು, "ಎಲ್ಲಾ?" ಎಂದಳು. ಅಳಲಿಲ್ಲ. ಅತ್ತಳು ಎಂದು ಒಂದು ಕಾಲದಲ್ಲಿ ಗೆಳತಿಯರಿಗೆ ಹೇಳುತ್ತಿದ್ದೆ, ಕಥೆಗೆ ಅದು ಒಪ್ಪುತ್ತಿತ್ತು.

"ನಾ ಮತ್ತ ಆಡಿ ಅಲ್ಲಿತನಾ ತಂದೇನಿ, ನೋಡ ಬಾ" ಎಂದು ಎಳೆದುಕೊಂಡು ಹೋದೆ.

ಅವಳು ನೋಡಿದಳು. "ಇದ್ಯಾರ್ ಬೇ, ಈ ಮುದುಕಿ ಇಲ್ಲಿ ಎದಕ ಬಂದ್ಲು?"

"ನಾವ ದಾಟ್ಸಿದ್ವಲ್ಲ, ಮೊದಲನೇ ಸಲಾನ."

"ಇಲ್ಲ. ಅಕಿನ್ನ ಬಿಟ್ ಬಂದಿದ್ವಿ."

"ಸುಳ್ಳ್ ಹೇಳಬ್ಯಾಡ ಅಕ್ಕಾ. ನೀ ಅಕಿನ್ನ ಬಿಡಾಕ ಒಲ್ಲೆ ಅಂತ ಕುಂತಿದ್ದಿ."

"ಒಲ್ಲೆ ಅಂದಾಕಿ ನೀ. ಬಿಟ್ಟಾಕಿ ನಾ."

ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ಆಯಿ ಕತ್ತೆತ್ತಿದಳು. "ಯಾರನ್ನ ಬಿಟ್ ಬಂದ್ರ್ಯಾ?"

"ನಿನ್ನನ್ನ, ಆಯಿ" ಎಂದಳು ಅಕ್ಕ.

"ಚೊಲೋ ಮಾಡಿದ್ರಿ ಬಿಡು. ನನಗ ನೀರಂದ್ರ ಅಂಜಿಕಿ."

ಆಯಿ ನಕ್ಕಳು, ಅಕ್ಕನೂ ನಕ್ಕಳು. ನನಗೆ ನಗು ಬರಲಿಲ್ಲ. ಪಕ್ಕಪಕ್ಕ ಕೂತು, ಒಂದೇ ಪರದೆ ನೋಡುತ್ತ, ಒಂದೇ ಮೌಸಿಗೆ ಜಗಳಾಡುತ್ತ ಆಡಿದ ಆಟ. ಅದರಲ್ಲಿ ಅವಳು ಬಿಟ್ಟ ಮುದುಕಿಯನ್ನು ನಾನು ದಾಟಿಸಿದ್ದೆ. ಯಾರದು ಸರಿ ಎಂದು ಹೇಳಬಲ್ಲದ್ದು ಆ ಸೇವ್ ಒಂದೇ. ಅದನ್ನೇ ತೊಳೆದಿದ್ದರು. ಇವತ್ತು ನನ್ನನ್ನು ಕೇಳಿದರೂ ದಾಟಿಸಿದ್ದೆವು ಎಂದೇ ಆಣೆ ಮಾಡುತ್ತೇನೆ. ಆ ಆಣೆಗೆ ಬೆಲೆಯಿಲ್ಲ ಎಂಬುದೂ ನನಗೆ ಗೊತ್ತು.

"ಇದು ನಂದಲ್ಲ" ಎಂದಳು ಅಕ್ಕ, ಪರದೆಯ ಕಡೆ ಕೈ ಮಾಡಿ. "ಇದು ನೀ ಆಡಿದ್ದು." ಎದ್ದು ಹೋಗಿ ಅವ್ವನ ಜೊತೆ ಕಾಯಿಪಲ್ಲೆ ಹೆಚ್ಚಲು ಕೂತಳು.

ಮರುದಿನ ಬೆಳಿಗ್ಗೆ ಪೂಜೆ. ಕಂಪ್ಯೂಟರಿಗೆ ಚೆಂಡುಹೂವಿನ ಸರ ಹಾಕಿದರು, ಪರದೆಗೆ ವಿಭೂತಿ ಎಳೆದರು. ಕೀಬೋರ್ಡಿನ ಮೇಲೆ ಒಂದು ಲಿಂಬೆಹಣ್ಣು. ಇನ್ನು ನಾಳೆಯ ತನಕ ಮುಟ್ಟುವಂತಿಲ್ಲ. ನಾಳೆ ಬನ್ನಿ ಕೊಡುವ ಹೊತ್ತಿಗೆ ಅಕ್ಕ ಅತ್ತೆಯ ಮನೆಯಲ್ಲಿರಬೇಕು. ಬೆಳಗಿನ ಬಸ್ಸಿಗೇ ಹೋಗುವವಳು. ಅವಳಿಗೆ ಉಳಿದದ್ದು ಆ ಒಂದು ಹಗಲು, ಅದರ ಎದುರಿಗೆ ಒಂದು ಲಿಂಬೆಹಣ್ಣು. ಅವತ್ತು ನನಗೆ ದೇವರ ಮೇಲೂ ಸಿಟ್ಟಿತ್ತು.

ಊಟವಾಗಿ ಗಂಡಸರು ಪಡಸಾಲೆಯಲ್ಲಿ ಅಡ್ಡಾದರು. ಅಕ್ಕ ಕೈ ಒರೆಸಿಕೊಂಡು ನೇರ ಬಂದಳು. ಹೂವಿನ ಸರ ತೆಗೆದು ಗೂಟಕ್ಕೆ ಹಾಕಿದಳು. ಲಿಂಬೆಹಣ್ಣು ನನ್ನ ಕೈಗೆ ಕೊಟ್ಟಳು. ಬಟನ್ ಒತ್ತಿದಳು.

ಶಬ್ದಕ್ಕೆ ಕಾಕಾ ಎದ್ದು ಬಂದರು. "ಪೂಜಾ ಆಗೇತವಾ. ಇವತ್ತ ಮುಟ್ಟಬಾರದು."

"ಮುಟ್ಟಬಾರದಂತ ನನಗೂ ಗೊತ್ತೈತ್ರಿ ಕಾಕಾ."

"ಮತ್ತ?"

"ಮುಟ್ಟಾಕತ್ತೇನ್ರಿ."

ಕಾಕಾ ನನ್ನ ಮುಖ ನೋಡಿದರು. ಲಿಂಬೆಹಣ್ಣು ಹಿಡಿದು ನಿಂತಿದ್ದ ನಾನು ಅವರನ್ನೇ ದಿಟ್ಟಿಸಿದೆ. ಅವರು ಹೋಗಲಿಲ್ಲ, ಅಲ್ಲೇ ಕುರ್ಚಿ ಎಳೆದು ಕೂತರು.

ಅಕ್ಕ ನಾನು ಹೊಂದಿಸಿಟ್ಟ ದೋಣಿಯ ಹತ್ತಿರ ಹೋಗಲಿಲ್ಲ. ಮೆನುಗೆ ಹೋದಳು. ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸಬೇಕೇ ಎಂದು ಆಟ ಕೇಳಿತು. ಹೌದು ಒತ್ತಿದಳು. ಖಂಡಿತವೇ ಎಂದು ಮತ್ತೆ ಕೇಳಿತು. ಮತ್ತೆ ಹೌದು.

"ಅಕ್ಕಾ!" ಎಂದೆ. "ಅಷ್ಟ್ ಕಷ್ಟಪಟ್ಟ್ ಮಾಡೇನಿ ನಾನು."

"ತಪ್ ಮಾಡಿದ್ದಿ."

ಮೊದಲನೆಯ ದಂಡೆ. ಎಲ್ಲರೂ ನಿಂತಿದ್ದರು: ಮಾಸ್ತರ, ಕಮ್ಮಾರ, ಗಂಟು ಹಿಡಿದ ಮುದುಕಿ. ಒಬ್ಬೊಬ್ಬರೂ ತಮ್ಮ ಮಾತು ಹೇಳಿದರು. ಅವಳು ಯಾವುದನ್ನೂ ಓದಿ ಹೇಳಲಿಲ್ಲ, ನಾನು ಕನ್ನಡಕ್ಕೆ ತರಲಿಲ್ಲ. ಯಾರ ಮೇಲೂ ಒತ್ತದೆ ನೇರ ದೋಣಿಯ ಹುಟ್ಟಿನ ಮೇಲೆ ಒತ್ತಿದಳು. ಹಾಗೂ ಮಾಡಬಹುದೆಂದು ನಮಗೆ ಎಂದೂ ಹೊಳೆದಿರಲಿಲ್ಲ. ಖಾಲಿ ದೋಣಿ ದಂಡೆ ಬಿಟ್ಟಿತು. ಯಾರೋ ಕೂಗಿದರು. ನೀರು, ಮಂಜು, ಹುಟ್ಟಿನ ಸಪ್ಪಳ. ಆಚೆ ದಂಡೆ ಬಂತು. ಹೆಂಗಸು ಇಳಿದಳು, ದೋಣಿಯನ್ನು ನೀರಿಗೆ ತಳ್ಳಿದಳು, ನಡೆದು ಹೋದಳು. ಪರದೆ ಕಪ್ಪಾಯಿತು. ಆಟ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲೆ ಏರತೊಡಗಿದವು.

ಇಷ್ಟೇ. ಇದನ್ನು ಅವಳ ಮದುವೆಗೋ ನಿಪ್ಪಾಣಿಗೋ ಹೊಂದಿಸಿ ಅರ್ಥ ಹೇಳಿದವರು ಇದ್ದಾರೆ. ಅಂಥವರ ಮೇಲೆ ನನಗೆ ಕಾಕಾರ ಮೇಲಿರುವುದಕ್ಕಿಂತ ಹೆಚ್ಚು ಸಿಟ್ಟು. ಅವಳಿಗೆ ಆ ಆಟದ ಕೊನೆ ನೋಡಬೇಕಿತ್ತು. ಅವಳ ಆಟ ಇಲ್ಲವಾಗಿತ್ತು, ಒಂದು ಮಧ್ಯಾಹ್ನ ಮಾತ್ರ ಇತ್ತು. ಸಿಕ್ಕ ಕೊನೆಯನ್ನು ನೋಡಿದಳು.

ಆದರೂ ಅವಳ ಮೇಲೂ ಸಿಟ್ಟು ಬಂದಿತ್ತು ನನಗೆ. ಎಲ್ಲರನ್ನೂ ದಂಡೆಯಲ್ಲೇ ಬಿಟ್ಟಿದ್ದಳು. ವರ್ಷಗಟ್ಟಲೆ ಯಾರನ್ನು ಹತ್ತಿಸೋಣ ಎಂದು ಇಬ್ಬರೂ ಜಗಳಾಡಿದ್ದು, ಬಸ್ಸು ತಪ್ಪಿಸಿಕೊಂಡದ್ದು, ಅವ್ವನ ಕೈಯಲ್ಲಿ ಬೈಸಿಕೊಂಡದ್ದು, ಯಾವುದೂ ಬೇಕಾಗದ ಒಂದು ಕೊನೆ ಮೊದಲ ದಂಡೆಯಲ್ಲೇ ಇತ್ತು.

ಹೆಸರುಗಳು ಇನ್ನೂ ಏರುತ್ತಿದ್ದವು. "ಗೆದ್ದ್ಯೋ ಸೋತ್ಯೋ?" ಎಂದು ಕೇಳಿದರು ಕಾಕಾ. ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ.

"ಮುಗಸಿದೆ ನೋಡ್ರಿ" ಎಂದಳು ಅಕ್ಕ.

ಎದ್ದು ಅಡುಗೆಮನೆಗೆ ಚಹಾಕ್ಕಿಡಲು ಹೋದಳು. ಕಾಕಾ ಗೂಟದಿಂದ ಸರ ತೆಗೆದು ಮತ್ತೆ ಹಾಕಲು ಬಂದರು. ಬ್ಯಾಡ್ರಿ ಎಂದೆ. ಅವರು ಕೇಳಲಿಲ್ಲ.