ಸುಣ್ಣದ ಕೆಳಗಿನ ಕಲ್ಲುಹೂವು

ಕೂಡ್ಲಿಗಿಯ ಸುತ್ತ ನಾನು ಅಣಕಿಸದ ಮನುಷ್ಯನಿಲ್ಲ. ಬಸ್ಸಿನ ಕಂಡಕ್ಟರು, ಕೊಟ್ಟೂರಿನ ಸಂತೆಯಲ್ಲಿ ಕುರಿ ಮಾರುವವನು, ನಿದ್ದೆಯಲ್ಲಿ ಗೊರಕೆ ಹೊಡೆಯುವ ನಾನು, ಎಲ್ಲರೂ ನನ್ನ ಬಾಯಲ್ಲಿದ್ದಾರೆ. ಇಂಥ ಬಾಯಿಗೆ ಸಿಕ್ಕ ಕೆಲಸವೆಂದರೆ ಬಾಯಿಯೇ ಇಲ್ಲದ ಕಲ್ಲುಹೂವನ್ನು ಕಾಯುವುದು.

ಮಸಾಲೆಗೆ ಹಾಕುವ ಕಲ್ಲುಹೂವಿದೆಯಲ್ಲ, ಇದು ಅದರ ದೂರದ ತಂಗಿ. ಬಂಡೆಗೆ ಅಂಟಿಕೊಂಡ ಬೂದುಹಸಿರು ಹಕ್ಕಳೆ. ಅಂಚು ಮಾತ್ರ ಹಪ್ಪಳದಂತೆ ಮುದುಡಿರುತ್ತದೆ. ಇದನ್ನು ಅಭ್ಯಾಸ ಮಾಡುವ ಮೇಡಂ ಒಬ್ಬರ ಕೈಕೆಳಗೆ ನಾನು ದುಡಿಯುತ್ತಿದ್ದೆ. ಉಗುರಿನಷ್ಟು ಬೆಳೆಯಲು ಅದಕ್ಕೆ ವರ್ಷಗಟ್ಟಲೆ ಬೇಕೆಂದು ಅವರು ಹೇಳಿದಾಗ, "ನನ್ನ ಬುದ್ಧಿನೂ ಹಂಗ ಐತ್ರಿ" ಎಂದೆ. ಅವರು ನಗಲಿಲ್ಲ. ಮಸಾಲೆಯದೆಂದೇ ತಿಳಿದು ಜನ ಗುಡ್ಡದ ಬಂಡೆಗಳನ್ನೆಲ್ಲ ಕೆರೆದು ಒಯ್ದಿದ್ದರು. ಕಮರದ ಮರದ ನೆರಳಿನಲ್ಲಿ ಒಂದೇ ಒಂದು ಬಂಡೆಯ ಮೇಲೆ ಉಳಿದಿತ್ತು. ಎಷ್ಟು ಅಲೆದರೂ ಬೇರೆಲ್ಲೂ ಸಿಕ್ಕಿರಲಿಲ್ಲ.

ಆ ಗುಡ್ಡದಲ್ಲಿ ಕುರಿ ಮೇಯಿಸುವ ನನ್ನ ಸೋದರಮಾವನನ್ನು ಗೋಗರೆದೆ. "ಮಾವಾ, ಯಾರೂ ಕೆರೀದಂಗ ನೋಡ್ಕೋ."

"ನಾ ಬ್ಯಾಡಂದ್ರ ಯಾರು ಕೇಳ್ತಾರಲೇ? ನಿಮ್ಮತ್ತಿನ ಕೇಳಂಗಿಲ್ಲ. ಅಲ್ಲಿ ಅವ್ವ ಅದಾಳ ಅಂತೀನಿ ತಡಿ."

ಬಂಡೆಯ ಬುಡಕ್ಕೆ ಬೇವಿನ ಸೊಪ್ಪಿಟ್ಟು, ಗುಡ್ಡದವ್ವ ಕನಸಿಗೆ ಬಂದಿದ್ದಳೆಂದು ಮಾವ ಊರಿಗೆಲ್ಲ ಸಾರಿದ. ಕೆರೆಯುವ ಕೈಗಳು ನಿಂತೇಹೋದವು. ಮಾವನ ದನಿಯಲ್ಲೇ ಮೇಡಂಗೆ ಫೋನಿನಲ್ಲಿ ಸುದ್ದಿ ಹೇಳಿದೆ. ಅವತ್ತು ಮಾತ್ರ ನಕ್ಕರು.

ನಮ್ಮ ಕಡೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆಯುವ ತನಕ ದೇವರ ಕಲ್ಲು ಬರೀ ಕಲ್ಲೇ. ಇದು ಮಾವನಿಗೂ ಗೊತ್ತು, ನನಗೂ ಗೊತ್ತು. ಆದರೂ ಈ ಬಂಡೆಗೂ ಅದು ತಪ್ಪದೆಂದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನಾನು ಗುಡ್ಡ ಹತ್ತುವಷ್ಟರಲ್ಲಿ ಅತ್ತೆ ಮತ್ತು ಓಣಿಯ ಹೆಂಗಸರು ಬಕೆಟ್ ಇಟ್ಟುಕೊಂಡು ಬಂಡೆಯ ಮೇಲರ್ಧವನ್ನು ಬೆಳ್ಳಗೆ ಮಾಡಿಬಿಟ್ಟಿದ್ದರು.

"ಅತ್ತೀ, ನಿಲ್ಸ್ರಿ! ಅದು ಸಾಯ್ತೈತಿ!"

"ಏನು ಸಾಯ್ತೈತೋ? ಪಾಚಿ ಮ್ಯಾಲ ಸುಣ್ಣ ಬಳದು ಅವ್ವನ್ನ ಚೊಕ್ಕ ಮಾಡಾಕ ಹತ್ತೀವಿ."

ಮೇಡಂ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. "ಮೇಡಮ್ಮನ ದನಿ ಚಲೋ ತಗೀತಾನ ನೋಡ್ರಿ" ಎಂದಳು ಒಬ್ಬಾಕೆ. ದಿಕ್ಕು ತೋಚದೆ, ದೇವರು ಮೈದುಂಬಿದ ಪೂಜಾರಿಯಂತೆ ಕಣ್ಣು ಮೇಲೆ ಮಾಡಿ, "ನನ್ನ ಮೈಗೆ ಸುಣ್ಣ ಬ್ಯಾಡ್ರಲೇ!" ಎಂದು ಗುಡುಗಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಂಬ್ರಹಳ್ಳಿ ಬೀಗರು ಬಂದಾಗ ಇದನ್ನ ಮಾಡೋ!"

ಹೆಗಲ ಟವೆಲ್ಲು ಹಿಂಡುತ್ತ ಮಾವ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಕನಸು ಸುಳ್ಳೆಂದು ಒಪ್ಪಿಕೋ ಎಂದು ಅವನ ಕೈ ಹಿಡಿದೆ.

"ಅವ್ವನ ಮುಂದ ನಿಂತು ಅವ್ವ ಇಲ್ಲ ಅನ್ನಲೇನಲೇ? ಬಾಯಿ ಬರವಲ್ದು."

ಕುಂಚ ಕೆಳಗಿಳಿಯುತ್ತಿತ್ತು. ಉಳಿದ ಹೂವಿಗೆ ತಾಗದಂತೆ ಮೊಣಕಾಲೂರಿ ಬೆನ್ನು ಅಡ್ಡ ಕೊಟ್ಟೆ. ಅಂಗಿಯ ಮೇಲೆ ಸುಣ್ಣ ಬಿತ್ತು, ಕತ್ತಿನೊಳಗೆ ಇಳಿದು ಉರಿಯಿತು. ಅತ್ತೆ ಬಗ್ಗಿ ಮುಖ ನೋಡಿದಳು.

"ಇದು ಯಾರ ಅಳು ಮಾಡಾಕ ಹತ್ತೀಯೋ?"

"ನಂದ ಅತ್ತೀ."

ಅವಳು ನಗಲಿಲ್ಲ. ಕುಂಚವನ್ನು ಬಕೆಟ್ಟಿಗೆ ಹಾಕಿ ಉಳಿದವರನ್ನೂ ಕರೆದುಕೊಂಡು ಇಳಿದುಹೋದಳು. ಉಳಿದದ್ದು ನನ್ನ ಬೆನ್ನಿನಗಲದಷ್ಟು ಹೂವು. ಅದರ ನೆತ್ತಿಯ ಮೇಲೆ ಹಸಿ ಸುಣ್ಣ. ಹರಪನಹಳ್ಳಿಯ ಕಡೆಯಿಂದ ಮೋಡ ಕಪ್ಪಾಗಿ ಏರಿ ಬರುತ್ತಿತ್ತು. ಒಂದು ಮಳೆ ಸಾಕು, ಆ ಸುಣ್ಣವೆಲ್ಲ ಹೂವಿನ ಮೇಲಿಳಿಯಲು. ಮಾವ ಅಭ್ಯಾಸಬಲದಿಂದ ಮೋಡಕ್ಕೆ ಕೈಮುಗಿದ. ನಾನು ಅಂಗಿ ಬಿಚ್ಚಿ ಸುಣ್ಣದ ಅಂಚನ್ನು ಒರೆಸತೊಡಗಿದೆ. ಒರೆಸಿದಷ್ಟೂ ಅದು ಕೆಳಗೇ ಹರಡುತ್ತಿತ್ತು.